ಅಂಗೈಯಲ್ಲಿ ಬೆಚ್ಚಗಾದ ಗಾಜು

ನಮ್ಮೂರು ಹುನ್ನೂರಿಗೆ ಬರುತ್ತಿದ್ದ ದನದ ಡಾಕ್ಟರರು ಯಾವುದಕ್ಕೂ "ತಡ್ರಿ" ಎನ್ನುತ್ತಿದ್ದರು. ಹೋರಿಯ ವೀರ್ಯ ಪರೀಕ್ಷಿಸುವ ಮೊದಲು ಗಾಜಿನ ಪಟ್ಟಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತಿದ್ದರು. ತಣ್ಣನೆಯ ಗಾಜಿನ ಮೇಲೆ ಜೀವ ಓಡುವುದಿಲ್ಲವಂತೆ.

ನನ್ನ ಹೋರಿಗೆ ಬಿಟ್ಟ ಆಕಳುಗಳು ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರತೊಡಗಿದ್ದವು. ಊರು ನಗುತ್ತಿತ್ತು. ಡಾಕ್ಟರರು ಅದರ ವೀರ್ಯದ ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು.

"ಓಡವಲ್ಲವು," ಎಂದರು.

"ಹಂಗಾರ ಬೀಜ ಒಡದಬಿಡ್ರಿ, ಎತ್ತಾಗಿ ಹೊಲದಾಗ ಗಳೆ ಹೊಡೀಲಿ," ಎಂದು ಮೇಜಿನ ಮೇಲಿದ್ದ ಬೀಜ ಒಡೆಯುವ ಇಕ್ಕಳವನ್ನು ನಾನೇ ಎತ್ತಿ ಅವರ ಮುಂದೆ ಹಿಡಿದೆ.

"ತಡ್ರಿ. ಈ ವಾರ ಎಷ್ಟು ಆಕಳಿಗೆ ಬಿಟ್ಟೀರಿ?"

ನನಗೆ ಸಿಟ್ಟು ಬಂತು. "ದಿನಾ ಎರಡು ಮೂರು. ಬಾಗಲಿಗೆ ಬಂದ ಆಕಳ ಹೊಳ್ಳಿ ಕಳಸೂದು ನಮ್ಮ ಮನಿ ಪದ್ಧತಿ ಅಲ್ರಿ."

"ಹೋರಿ ಕೆಟ್ಟಿಲ್ರಿ. ವೀರ್ಯದಾಗಿನ ಜೀವ ಹುಟ್ಟಿದ ಕೂಡ್ಲೆ ಓಡೂದಿಲ್ಲ. ಒಳಗ ಸಣ್ಣ ನಳಿಗ್ಯಾಗ ದಿನಗಟ್ಟಲೆ ಇದ್ದು, ಅಲ್ಲೀ ರಸ ಉಂಡು ಬಲೀಬೇಕು. ನೀವು ಹೀಚು ಹರಿಯಾಕತ್ತೀರಿ. ಹದಿನೈದು ದಿನ ಕಟ್ಟಿಹಾಕ್ರಿ. ಆಮ್ಯಾಲೂ ವಾರಕ್ಕ ಎರಡು ಮೂರು ಆಕಳ ಸಾಕು."

ಹದಿನಾರನೆಯ ದಿನ ಅವರು ಗಾಜು ಬೆಚ್ಚಗೆ ಮಾಡಿ, ನನ್ನನ್ನೇ ನೋಡಲು ಹೇಳಿದರು. ಬಗ್ಗಿ ಕಣ್ಣಿಟ್ಟೆ. ಇಡೀ ಹನಿಯೇ ಓಡುತ್ತಿತ್ತು.

ಮನೆಗೆ ಬಂದಾಗ ಅಂಗಳದಲ್ಲಿ ಮೂವರು ಆಕಳು ಹಿಡಿದು ನಿಂತಿದ್ದರು. ಮೊದಲು ಬಂದವನನ್ನು ಒಳಗೆ ಕರೆದೆ. ಉಳಿದಿಬ್ಬರ ಮುಖ ನೋಡಲಾಗದೆ, ಹೋರಿಯ ಬೆನ್ನ ಮೇಲೆ ಕೈಯಿಟ್ಟು ಹೇಳಿದೆ: "ತಡ್ರಿ."