ನಮ್ಮ ಬಾಲ್ಕನಿಗೂ ಬಂದ ಶರತ್ಕಾಲ

ಸ್ನೇಹಿತರೇ, ತೀರ್ಪು ನೀವೇ ಕೊಡಿ. ಇವತ್ತು ಬೆಳಿಗ್ಗೆ ಜಪಾನಿನಿಂದ ಮಲೇಷ್ಯಾದ ಪುಚೊಂಗ್‌ನ ನಮ್ಮ ಕಾಂಡೊ ಫ್ಲಾಟಿಗೆ ಮರಳಿದೆವು. ಎದುರು ಮನೆಯ ಐರಿನ್, ಮಂಗಳೂರಿನವಳು, ಕೀ ವಾಪಸ್ ಕೊಡಲು ಬಂದಳು. ನಾವಿಲ್ಲದ ಹತ್ತು ದಿನ ನನ್ನ ಕರಿಬೇವಿನ ಗಿಡಕ್ಕೆ ನೀರು ಹಾಕುವ ಜವಾಬ್ದಾರಿ ಅವಳದಾಗಿತ್ತು.

ಅವಳನ್ನು ಕೂರಿಸಿ ಟೋಕಿಯೊದ ದೊಡ್ಡ ಪಾರ್ಕಿನ ಫೋಟೋಗಳನ್ನು ಒಂದೂ ಬಿಡದೆ ತೋರಿಸಿದೆ. ಸಾಲು ಮರಗಳೆಲ್ಲ ಅರಿಶಿನ ಬಳಿದಂತೆ ಹಳದಿ. ಉದುರಿದ ಎಲೆಗಳ ಮೇಲೆ ನಾನು ನಿಂತು, ಕುಳಿತು, ಕೊನೆಗೆ ಮಲಗಿಯೂ ಇದ್ದೇನೆ.

“ಎಲೆ ಉದುರುವ ಈ ಆಟಮ್ ಭಾಗ್ಯ ನಮಗೆಲ್ಲಿದೆ? ಮಲೇಷ್ಯಾದಲ್ಲಿ ವರ್ಷವಿಡೀ ಬರೀ ಹಸಿರು,” ಎಂದೆ.

ಚಹಾಕ್ಕೆ ನೀರಿಟ್ಟು ಬಾಲ್ಕನಿಗೆ ಹೋದೆ. ಕರಿಬೇವು ಪೂರ್ತಿ ಹಳದಿಯಾಗಿತ್ತು. ಅರ್ಧ ಎಲೆ ನೆಲದ ಮೇಲಿತ್ತು.

“ಐರಿನ್, ನೀರು ಹಾಕಿಲ್ವೇನೇ?”

ಅವಳು ಬಂದು ಗಿಡವನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಎಂತ ಮಾರಾಯ್ತಿ, ಅಲ್ಲಿ ಎಲೆ ಉದುರಿದ್ರೆ ಅದ್ರ ಮೇಲೆ ಮಲಗಿ ಫೋಟೋ ತೆಗೆಸ್ಕೊಳ್ತಿ. ಇಲ್ಲಿ ಉದುರಿದ್ರೆ ನಂಗೆ ಬೈಯ್ತಿಯಾ? ಇದು ಸಹ ಆಟಮ್ ಲಾ,” ಎಂದಳು, ಮಲೇಷ್ಯಾದವರಂತೆ ಕೊನೆಗೊಂದು ‘ಲಾ’ ಸೇರಿಸಿ.

ಮಾತಿನಲ್ಲಿ ನಾನು ಸೋಲುವವಳಲ್ಲ, ಆದರೂ ಪೊರಕೆ ತಂದು ಎಲೆ ಗುಡಿಸಿದೆ. ಇವತ್ತಿನ ಸಾರಿಗೆ ಬರೀ ಸಾಸಿವೆಯ ಒಗ್ಗರಣೆ. ಮಲೇಷ್ಯಾಕ್ಕೆ ವಸಂತ ಯಾವ ತಿಂಗಳು ಬರುತ್ತದೆ, ಬಲ್ಲವರು ತಿಳಿಸಿ.