ಆರನೆಯ ಕ್ಲಿಪ್ಪು

ಡಬ್ಬಿಯಲ್ಲಿ ಐದೇ ಇದ್ದವು.

ಮೊದಲ ಸಲ ಎಣಿಸಿದಾಗ ಕೊರಿನ್ ಎಲ್ಲೋ ತಪ್ಪಿದ್ದೇನೆ ಎಂದುಕೊಂಡಳು. ಎರಡನೆಯ ಸಲ ಒಂದೊಂದನ್ನೇ ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಐದು. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು, ಅಷ್ಟೇ. ಯಾವ ಅಂಗಡಿಗೆ ಹೋದರೂ ಸಿಗುವಂಥವು. ಆದರೂ ಆರನೆಯದು ಎಲ್ಲಿ ಹೋಯಿತು ಎಂಬುದು ಗೊತ್ತಾಗುವವರೆಗೆ ಅವಳು ಬೇರೆ ಕೆಲಸಕ್ಕೆ ಕೈ ಹಾಕುವ ಹಾಗಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಇದೇ ಗ್ಯಾರೇಜಿನಿಂದ ಒಂದು ಬೈಕು ಹೊರಟುಹೋಗಿತ್ತು. ಅದರ ಮೇಲೆ ಅರವತ್ತೊಂದು ವರ್ಷದ ನರ್ಸ್ ವರ್ನಾ ಕೊವಾಲ್‌ಚುಕ್ ಇದ್ದರು. ಈಗ ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ.

ಕ್ಲಿಪ್ಪಿನ ಪದ್ಧತಿಯನ್ನು ಕೊರಿನ್ ಹ್ಯಾಮಿಲ್ಟನ್ನಿನಿಂದ ತಂದಿದ್ದಳು. ಮದುವೆಗೆ ಮುಂಚೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ದೊಡ್ಡ ಯಂತ್ರಗಳ ವಿದ್ಯುತ್ ಪ್ಯಾನೆಲ್ ಕಟ್ಟುತ್ತಿದ್ದಳು. ಪರೀಕ್ಷೆಯಾಗದ ಪ್ರತಿಯೊಂದು ಜಾಗಕ್ಕೂ ಒಂದು ಕೆಂಪು ಚೀಟಿ ತೂಗುಹಾಕಬೇಕು, ಪರೀಕ್ಷೆ ಮಾಡಿದವರೇ ಅದನ್ನು ಕೀಳಬೇಕು, ಚೀಟಿ ಇಲ್ಲದ ಪ್ಯಾನೆಲ್ಲು ಮಾತ್ರ ಗೇಟು ದಾಟಬೇಕು. ಡೆರೆಕ್‌ನನ್ನು ಮದುವೆಯಾಗಿ ಥಂಡರ್ ಬೇ ಊರಿಗೆ ಬಂದ ಮೇಲೆ ಚೀಟಿಯ ಜಾಗಕ್ಕೆ ಬಟ್ಟೆ ಕ್ಲಿಪ್ಪು ಬಂತು. ಒಂದೊಂದರ ಮೇಲೂ ಪೆನ್ನಿನಲ್ಲಿ ಒಂದೊಂದು ಪದ: ಫ್ಯೂಸ್, ಅರ್ತ್, ರಿಲೇ, ದೀಪ, ಎಡ, ಬಲ. ಕೆಲಸ ಶುರು ಮಾಡುವಾಗ ಆರನ್ನೂ ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸುವಳು. ಒಂದೊಂದು ಪರೀಕ್ಷೆ ಮುಗಿದಂತೆ ಅದರ ಕ್ಲಿಪ್ಪನ್ನು ಕಿತ್ತು ತನ್ನ ಏಪ್ರನ್ನಿನ ಅಂಚಿಗೆ ಹಾಕಿಕೊಳ್ಳುವಳು. ಹ್ಯಾಂಡಲ್ ಬರಿದಾಯಿತೆಂದರೆ ಬೈಕು ಹೊರಡಬಹುದು, ಏಪ್ರನ್ನಿನ ಆರೂ ಕ್ಲಿಪ್ಪು ಡಬ್ಬಿಗೆ ಹಿಂದಿರುಗಬಹುದು.

ಇವತ್ತು ಬೆಳಿಗ್ಗೆ ಹ್ಯಾಂಡಲ್ ಬರಿದಾಗಿತ್ತು. ಅದನ್ನು ಅವಳು ಕಣ್ಣಾರೆ ನೋಡಿದ್ದಳು. ನೋಡಿಯೇ ಕೀಲಿ ಕೊಟ್ಟಿದ್ದಳು.

ಡಬ್ಬಿಯಲ್ಲಿ ಇಲ್ಲದ್ದು 'ಬಲ' ಎಂದು ಬರೆದ ಕ್ಲಿಪ್ಪು.

ಈ ಕೆಲಸ ಅವಳ ಕೈಗೆ ಬಂದದ್ದು ಮಾವನಿಂದ. ಟೌನೊ ನಿಯೆಮಿ ಕಾಗದದ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಈಗ ಮೊಮ್ಮಗಳು ಹುಟ್ಟಿದ ಮೇಲೆ ಮನೆಯವರೆಲ್ಲ ಅವರನ್ನು ಅವರ ಫಿನ್ನಿಶ್ ಭಾಷೆಯಲ್ಲಿ 'ಉಕ್ಕಿ', ಅಂದರೆ ಅಜ್ಜ, ಎಂದೇ ಕರೆಯುವುದು. ನಿವೃತ್ತಿಯಾದ ಮೇಲೆ ಊರಿನ ಬೈಕುಗಳಿಗೆ ಮಂಜಿನ ದೀಪ, ಜೋರಾದ ಹಾರ್ನು, ಬಿಸಿಯಾಗುವ ಜಾಕೆಟ್ಟಿಗೆ ಪ್ಲಗ್ಗು ಎಲ್ಲ ಹಾಕಿಕೊಡುತ್ತಿದ್ದರು. ಕರೆಂಟು ಹರಿಯುವ ಯಾವ ವೈರು ಕೈಗೆ ಸಿಕ್ಕಿದರೂ ಅದನ್ನು ಸುಲಿದು, ಅಲ್ಲಿಗೇ ದೀಪ ಜೋಡಿಸಿ, ಟೇಪು ಸುತ್ತುವುದು ಅವರ ಕ್ರಮ. ಹಳೆಯ ಬೈಕುಗಳಲ್ಲಿ ಅದು ನಡೆಯುತ್ತಿತ್ತು. ಹೊಸ ಬೈಕುಗಳು ಬಂದವು. ಅವುಗಳ ಒಳಗೊಂದು ಪುಟ್ಟ ಕಂಪ್ಯೂಟರ್ ಕೂತು ಯಾವ ದೀಪ ಎಷ್ಟು ಕರೆಂಟು ಕುಡಿಯುತ್ತದೆ ಎಂದು ಸದಾ ಕಾಯುತ್ತಿರುತ್ತದೆ. ಲೆಕ್ಕಕ್ಕಿಂತ ಚೂರು ಹೆಚ್ಚು ಎಳೆದರೂ ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ಟೌನೊ ದೀಪ ಜೋಡಿಸಿದರು, ಬೈಕಿನ ಹಿಂದಿನ ದೀಪ ಆರಿತು. ಬಿಚ್ಚಿದರು, ಹತ್ತಿತು. ಮತ್ತೆ ಜೋಡಿಸಿದರು, ಮತ್ತೆ ಆರಿತು. ಕಟಿಂಗ್ ಪ್ಲೇಯರನ್ನು ಬೆಂಚಿನ ಮೇಲಿಟ್ಟು, "ಇದು ಬೈಕಲ್ಲ, ಚಾಡಿ ಹೇಳೋ ಹುಡುಗಿ," ಎಂದು ಹೊರಗೆ ಹೋಗಿ ಕೂತರು. ಅವತ್ತು ಕೊರಿನ್ ರಿಲೇ ಹಾಕಿ ತೋರಿಸಿದಳು. ಬೆರಳುದ್ದದ ಡಬ್ಬಿ ಅದು. ನಂಬರ್ ಪ್ಲೇಟಿನ ದೀಪದಿಂದ ಕೂದಲೆಳೆಯಷ್ಟು ಕರೆಂಟು ಬಂದು ರಿಲೇಯನ್ನು ಎಬ್ಬಿಸಿದರೆ ಸಾಕು, ಅದು ಒಳಗೇ ಟಕ್ಕೆಂದು ಬಾಗಿಲು ತೆಗೆಯುತ್ತದೆ, ಭಾರದ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರವಾಗಿ ಬೇರೆ ವೈರಿನಲ್ಲಿ ಹೋಗುತ್ತದೆ. ಕಂಪ್ಯೂಟರಿಗೆ ಸುದ್ದಿಯೇ ಇಲ್ಲ. ಟೌನೊ ಆ ಟಕ್ ಸದ್ದನ್ನು ನಾಲ್ಕು ಸಲ ಮಾಡಿಸಿ ಕೇಳಿದರು. ಮಾರನೆಯ ದಿನದಿಂದ ಗ್ಯಾರೇಜು ಅವಳದಾಯಿತು.

ಕೈ ಅಷ್ಟು ಚೊಕ್ಕಟವಾಗಿದ್ದರೂ ಮನಸ್ಸು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಹನ್ನೊಂದು ತಿಂಗಳ ಹಿಂದೆ ಐನೋ ಹುಟ್ಟಿದ ಮೇಲಂತೂ, ಮಗು ನಿದ್ದೆಯಲ್ಲಿ ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುವುದು, ಒಲೆ ಆರಿಸಿದೆನೇ ಎಂದು ದಾರಿಯ ಅರ್ಧದಿಂದ ಹಿಂದಿರುಗುವುದು ದಿನದ ಪಾಡಾಯಿತು. ಬೈಕು ಕೊಟ್ಟುಕಳಿಸಿದ ಮೇಲೂ ಹಾಗೆಯೇ. ಬೇಸಿಗೆಯಲ್ಲಿ ಲೋರ್ನ್ ಎಂಬ ಶಾಲಾಮಾಸ್ತರನಿಗೆ ಫೋನ್ ಮಾಡಿ, ಫ್ಯೂಸಿನ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ ಎಂದಿದ್ದಳು. ಆತ ವಾಹನ ದಾಟಿಸುವ ದೋಣಿಗೆ ಕಾಯುವ ಸಾಲಿನಲ್ಲಿ, ಸುರಿಯುವ ಮಳೆಯಲ್ಲಿ, ಚೀಲಗಳನ್ನೆಲ್ಲ ಇಳಿಸಿ ಸೀಟು ಬಿಚ್ಚಿದ. ಮುಚ್ಚಳ ಕೂತೇ ಇತ್ತು. ದೋಣಿ ಹೊರಟುಹೋಯಿತು. ಅಂದಿನಿಂದ ಬೈಕಿನವರು ಸೇರುವ ಡೋನಟ್ ಅಂಗಡಿಯಲ್ಲಿ ಯಾರ ಫೋನ್ ಬಡಿದುಕೊಂಡರೂ, "ಎತ್ತು, ಕೊರಿನ್ ಇರ್ಬೇಕು. ಸೀಟ್ ಬಿಚ್ಚೋಕೆ ರೆಡಿಯಾಗು," ಎನ್ನುವುದು ರೂಢಿಯಾಯಿತು. ಅದಾದ ಮೇಲೆ ಇನ್ನಿಬ್ಬರಿಗೆ ಮಾಡಿದಳು. ಎರಡೂ ಸಲ ಏನೂ ಆಗಿರಲಿಲ್ಲ.

ಕಡೆಗೆ ಡೆರೆಕ್ ಅವಳಿಂದ ಒಂದು ಮಾತು ತೆಗೆದುಕೊಂಡಿದ್ದ. ಬೈಯಲಿಲ್ಲ, ಪಾತ್ರೆ ತೊಳೆಯುತ್ತ ಮೆಲ್ಲಗೆ ಹೇಳಿದ. "ಕೈಯಲ್ಲಿ ಹಿಡಿದು ತೋರಿಸೋಕೆ ಏನಾದ್ರೂ ಇದ್ರೆ ಫೋನ್ ಮಾಡು. ಬರೀ ಎದೆ ಹೊಡ್ಕೊಳ್ತಿದ್ರೆ ಬೇಡ. ಜನ ನಿನ್ನ ಹತ್ರ ಬರೋದು ಬಿಡ್ತಾರೆ."

ಅವಳಿಗೂ ಅದು ಸರಿ ಎನ್ನಿಸಿತ್ತು. ತನ್ನ ಹೆದರಿಕೆಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳುವುದು ಅವಳಿಗೇ ಆಗುತ್ತಿರಲಿಲ್ಲ.

ಈಗ ಅವಳು ಗ್ಯಾರೇಜಿನ ನೆಲದ ಮೇಲೆ ಮಂಡಿಯೂರಿ ಬೆಂಚಿನಡಿ ಟಾರ್ಚು ಬಿಟ್ಟಳು. ಮರದ ಹೊಟ್ಟು, ವೈರಿನ ಸಿಪ್ಪೆ, ಒಂದು ಸ್ಕ್ರೂ. ಕ್ಲಿಪ್ಪಿಲ್ಲ. ಏಪ್ರನ್ನಿನ ಜೇಬು ಒಳಹೊರಗು ಮಾಡಿದಳು. ಕಸದ ಡಬ್ಬಿ ಬೋರಲು ಹಾಕಿದಳು. ಹೊರಗೆ ವರ್ನಾ ಬೈಕು ಇಳಿಸಿಕೊಂಡು ಹೋದ ಜಾಗದ ಜಲ್ಲಿಯನ್ನು ಕಾಲಿನಿಂದ ಸರಿಸಿ ನೋಡಿದಳು.

ನೋಡುತ್ತಲೇ ಮನಸ್ಸು ಬೆಳಗಿನ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿತ್ತು. ವರ್ನಾಗೆ ಚಳಿಯಲ್ಲಿ ಬೆರಳು ಬೆಳ್ಳಗಾಗಿ ಮರಗಟ್ಟುವ ತೊಂದರೆ. ವಾವಾದಲ್ಲಿರುವ ತಂಗಿಯ ಮನೆಗೆ ಸೆಪ್ಟೆಂಬರ್ ಕೊನೆಯಲ್ಲಿ ದೊಡ್ಡ ಸರೋವರದಂಚಿನ ರಸ್ತೆ ಹಿಡಿದು ಹೋಗಬೇಕೆಂದರೆ ಬಿಸಿ ಜಾಕೆಟ್ಟು ಬೇಕೇ ಬೇಕು. ಸಂಜೆ ರಸ್ತೆಗೆ ಬರುವ ಮೂಸ್ ಎಂಬ ಭಾರೀ ಜಿಂಕೆ ಕಣ್ಣಿಗೆ ಬೀಳಬೇಕೆಂದರೆ ಮುಂದೆ ಎರಡು ದೀಪ ಬೇಕು. ರಿಲೇ ಸೀಟಿನಡಿ ಕೂತಿತು. ದೀಪದ ಸ್ವಿಚ್ಚು ಎಡಗೈ ಹಿಡಿಯ ಬಳಿ. ಅದರ ವೈರು ಹ್ಯಾಂಡಲ್ಲಿನ ಕುತ್ತಿಗೆಯ ಎಡಬದಿಯಿಂದ ಇಳಿದು ಟ್ಯಾಂಕಿನಡಿ ಹೋಗಬೇಕು. ಅಲ್ಲಿ ಬೈಕಿನದೇ ವೈರುಗಳ ಕಟ್ಟೊಂದು ಇಳಿಯುತ್ತದೆ. ಅದರ ಜೊತೆಗೇ ಸೇರಿಸಿ ಪ್ಲಾಸ್ಟಿಕ್ ಪಟ್ಟಿ ಹಾಕಿ ಬಿಗಿದಿದ್ದಳು.

ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಬೈಕಿನ ಹ್ಯಾಂಡಲ್ಲು ತಾನಾಗಿ ಎಡಕ್ಕೆ ವಾಲಿರುತ್ತದೆ. ಆಗ ಎಡಬದಿಯ ವೈರು ಸಡಿಲವಾಗಿ ಕಾಣುತ್ತದೆ. ಅದೇ ಸ್ಥಿತಿಯಲ್ಲಿ ಪಟ್ಟಿ ಬಿಗಿದು, ಬಲಕ್ಕೆ ಪೂರ್ತಿ ತಿರುಗಿಸಿ ನೋಡದೆ ಬಿಟ್ಟರೆ, ಬಲಕ್ಕೆ ತಿರುಗಿದಾಗ ಕಟ್ಟು ಹಗ್ಗದ ಹಾಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಆರನೆಯ ಕ್ಲಿಪ್ಪು.

ಫ್ಯೂಸ್ ಇದೆಯಲ್ಲ, ಎಂದು ಒಮ್ಮೆ ಸಮಾಧಾನ ಹೇಳಿಕೊಂಡಳು. ತನ್ನ ವೈರು ಕಿತ್ತುಹೋದರೆ ದೀಪ ಆರುತ್ತದೆ, ಅಷ್ಟೇ. ಆದರೆ ಪಟ್ಟಿ ಹಿಡಿದಿರುವುದು ಬೈಕಿನ ಸ್ವಂತ ವೈರುಗಳನ್ನೂ. ಇಂಜಿನ್ ನಿಲ್ಲಿಸುವ ಸ್ವಿಚ್ಚಿನ ವೈರೂ ಅದರಲ್ಲೇ ಇದೆ. ನೇರ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಹೆದ್ದಾರಿಯ ತಿರುವಿನಲ್ಲೂ ಹ್ಯಾಂಡಲ್ಲು ಅಷ್ಟು ತಿರುಗುವುದಿಲ್ಲ. ಪೂರ್ತಿ ತಿರುಗುವುದು ನಿಧಾನವಾಗಿ ಸುತ್ತು ಹಾಕುವಾಗ, ಪೆಟ್ರೋಲ್ ಬಂಕಿನಲ್ಲಿ, ಲಾರಿಗಳ ನಡುವೆ. ಅಲ್ಲಿ ಇಂಜಿನ್ ತಟ್ಟನೆ ನಿಂತರೆ ಇನ್ನೂರೈವತ್ತು ಕಿಲೋ ಬೈಕು ಬಲಕ್ಕೆ ಮಗುಚುತ್ತದೆ. ಅದರಡಿ ಒಂದು ಕಾಲು.

ವರ್ನಾ ಹೊರಡುವಾಗ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ ಹೇಳಿದ್ದರು. "ದಾರೀಲಿ ಮ್ಯಾರಥಾನ್ ಊರಲ್ಲಿ ಪೆಟ್ರೋಲು, ಒಂದು ಬಟ್ಟಲು ಸೂಪು. ಅಲ್ಲಿಂದಾಚೆ ವಾವಾ ತನಕ ಫೋನ್ ಸಿಗೋದು ಅನುಮಾನ. ಚಿಂತೆ ಏನಾದ್ರೂ ಇದ್ರೆ ಅಷ್ಟ್ರೊಳಗೆ ಮುಗಿಸ್ಕೋ ಮರಿ." ಆಮೇಲೆ ನಕ್ಕು ಎಡಕ್ಕೆ ತಿರುಗಿ ರಸ್ತೆ ಸೇರಿದ್ದರು.

ಮ್ಯಾರಥಾನ್ ಇಲ್ಲಿಂದ ಮುನ್ನೂರು ಕಿಲೋಮೀಟರ್. ವರ್ನಾ ನಿಧಾನಸ್ಥರಲ್ಲ. ಹನ್ನೆರಡೂಕಾಲಿಗೆ ಅಲ್ಲಿರುತ್ತಾರೆ. ಓಡಿಸುತ್ತಿರುವಾಗ ಫೋನ್ ಮಾಡುವಂತಿಲ್ಲ, ಹೆಲ್ಮೆಟ್ಟಿನೊಳಗೆ ಕಿವಿಗೇ ಗಂಟೆ ಬಡಿಯುತ್ತದೆ. ಬೆಚ್ಚಿ ಕೈ ತಪ್ಪಿದರೆ? ಬಂಕಿಗೆ ಬಂದ ಮೇಲೆ, ಬಂಕಿನಿಂದ ತಿರುಗಿಸಿಕೊಂಡು ಹೊರಡುವ ಮುಂಚೆ. ಆ ನಡುವೆ ಎಷ್ಟು ನಿಮಿಷ, ದೇವರೇ ಬಲ್ಲ.

ಹನ್ನೆರಡಕ್ಕೆ ಟೌನೊ ಬಂದರು. ದಿನವೂ ಈ ಹೊತ್ತಿಗೆ ಕಾಫಿಗೆ ಬರುವುದು, ಏಲಕ್ಕಿ ಹಾಕಿದ ಬನ್ನನ್ನು ಕಾಫಿಯಲ್ಲಿ ಅದ್ದಿ ತಿನ್ನುವುದು, ಹೆಚ್ಚು ಮಾತಾಡದೆ ಹೋಗುವುದು. ಇಂದು ಬಾಗಿಲಲ್ಲೇ ನಿಂತು, ಬೋರಲಾದ ಕಸದ ಡಬ್ಬಿಯನ್ನೂ ನೆಲದ ಮೇಲೆ ಕೂತ ಸೊಸೆಯನ್ನೂ ನೋಡಿದರು. ಏನೆಂದು ಕೇಳಿದರು. ಅವಳು ಹೇಳಿದಳು.

"ಕ್ಲಿಪ್ಪಿಗೂ ಹಾಜರಿ ತಗೋತೀಯೇನಮ್ಮ ನೀನು?"

"ಉಕ್ಕಿ, ತಮಾಷೆ ಮಾಡ್ಬೇಡಿ ಈಗ."

"ನೀನು ನೋಡ್ದೆ ಬಿಡೋಳಲ್ಲ. ನೋಡಿರ್ತೀಯ. ಕ್ಲಿಪ್ ಎಲ್ಲೋ ಬಿದ್ದಿರುತ್ತೆ." ಅವರು ತಾವೇ ಕಾಫಿ ಬಗ್ಗಿಸಿಕೊಂಡರು.

ಕೊರಿನ್ ನೆಲದ ಮೇಲೇ ಕೂತು ಬೆಳಗನ್ನು ಮತ್ತೊಮ್ಮೆ ನೆನೆದಳು. ನೋಡಿರುತ್ತೇನೆ. ಹಾಗಾದರೆ ನೆನಪೇಕಿಲ್ಲ? ಎಡಕ್ಕೆ ತಿರುಗಿಸಿದ್ದು ನೆನಪಿದೆ, 'ಎಡ' ಕಿತ್ತು ಏಪ್ರನ್ನಿಗೆ ಸಿಕ್ಕಿಸಿದ್ದು ನೆನಪಿದೆ. ಅಷ್ಟರಲ್ಲಿ ಐನೋ ಎದ್ದು ಅತ್ತಳು. ಹೋಗಿ ಎತ್ತಿಕೊಂಡು ಬಂದೆ. ಸೊಂಟದ ಮೇಲೆ ಕೂರಿಸಿಕೊಂಡೇ ವರ್ನಾಗೆ ಜಾಕೆಟ್ಟಿನ ಪ್ಲಗ್ಗು ಹೇಗೆ ಹಾಕುವುದೆಂದು ತೋರಿಸಿದೆ. ಮಗು ಹ್ಯಾಂಡಲ್ಲಿನ ಕಡೆಗೇ ಬಾಗುತ್ತಿತ್ತು. ಆಮೇಲೆ ತಿರುಗಿ ನೋಡಿದೆ, ಹ್ಯಾಂಡಲ್ಲು ಬರಿದಾಗಿತ್ತು.

ಅವಳು ಎದ್ದು ಮನೆಯೊಳಗೆ ಓಡಿದಳು.

ಐನೋ ನೆಲಹಾಸಿನ ಮೇಲೆ ಕೂತು ಚಮಚ ಬಡಿಯುತ್ತಿದ್ದಳು. ಬೆಳಿಗ್ಗೆ ಹಾಕಿದ್ದ ಟೊಪ್ಪಿಯಂಗಿ ಕುರ್ಚಿಯ ಮೇಲಿತ್ತು. ಕೊರಿನ್ ಅದರ ಜೇಬು ನೋಡಿದಳು. ಇಲ್ಲ. ತೋಳು ಕೊಡವಿದಳು. ಇಲ್ಲ. ಅಂಗಿಯ ಬೆನ್ನಿಗೆ ಇಳಿಬಿದ್ದ ಟೊಪ್ಪಿಯೊಳಗೆ ಕೈ ಹಾಕಿದಾಗ ಗಟ್ಟಿಯಾದದ್ದೊಂದು ತಗುಲಿತು.

ಮರ ಇನ್ನೂ ಜೊಲ್ಲಿಗೆ ಒದ್ದೆಯಾಗಿತ್ತು. ಪುಟ್ಟ ಹಲ್ಲಿನ ಗುರುತುಗಳ ನಡುವೆ 'ಬಲ'.

ಹ್ಯಾಮಿಲ್ಟನ್ನಿನಲ್ಲಿ ಯಾರೂ ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ಚೀಟಿ ಕೀಳುತ್ತಿರಲಿಲ್ಲ.

ಅವಳು ಗ್ಯಾರೇಜಿನ ಬಾಗಿಲಲ್ಲಿ ನಿಂತು ಅದನ್ನು ಮಾವನಿಗೆ ತೋರಿಸಿದಳು. ಟೌನೊ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ವಾಪಸು ಕೊಟ್ಟರು. ಗಡಿಯಾರ ನೋಡಿದರು. ಅರ್ಧ ಉಳಿದ ಬನ್ನನ್ನು ತಟ್ಟೆಯಲ್ಲೇ ಬಿಟ್ಟು ಮಗುವಿನ ಬಳಿ ಹೋಗಿ ಕೂತರು.

ಹನ್ನೆರಡು ಇಪ್ಪತ್ತು. ಲೋರ್ನ್‌ನ ದೋಣಿ ಒಂದು ಕ್ಷಣ ಕಣ್ಣಮುಂದೆ ಬಂತು, ಡೋನಟ್ ಅಂಗಡಿಯ ನಗೆಯೂ ಬಂತು. ಬೆರಳು ಫೋನಿನ ಮೇಲೆ ನಿಂತಿತು. ಅವಳು ಕ್ಲಿಪ್ಪನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ವರ್ನಾ ಅವರ ನಂಬರ್ ಒತ್ತಿದಳು.

ಮೂರು ಸಲ ಬಡಿಯಿತು. ನಾಲ್ಕು. ಐದು.

"ಕೊರಿನ್ ತಾನೇ?" ಹಿಂದೆ ಲಾರಿಯ ಗುಡುಗು. "ಇನ್ನೂ ಮಾಡಿಲ್ವಲ್ಲ ಅಂತ ಈಗ್ತಾನೆ ಅಂದ್ಕೊಂಡೆ. ಬೇಗ ಹೇಳು ಮರಿ, ಹಿಂದೆ ಲಾರಿಯವನು ಕಾಯ್ತಿದಾನೆ, ತಿರುಗಿಸ್ಕೊಂಡು ಸೂಪಿನ ಕಡೆ ಹೋಗ್ಬೇಕು."

"ಯಾವ ಕಡೆಗೆ ತಿರುಗ್ಬೇಕು?"

"ಬಲಕ್ಕೆ. ಯಾಕೆ?"

"ತಿರುಗಿಸ್ಬೇಡಿ, ವರ್ನಾ. ಇಂಜಿನ್ ಆಫ್ ಮಾಡಿ, ಇಳಿದುಬಿಡಿ. ಲಾರಿಯವನು ಕಾಯ್ಲಿ."

ಅವಳ ದನಿಯಲ್ಲಿ ಏನಿತ್ತೋ, ವರ್ನಾ ನಗಲಿಲ್ಲ. ಇಂಜಿನ್ ನಿಂತ ಸದ್ದು ಕೇಳಿಸಿತು.

"ಈಗ ಹ್ಯಾಂಡಲ್ನ ಮೆಲ್ಲಗೆ ಬಲಕ್ಕೆ ತಿರುಗಿಸಿ. ಜೋರು ಮಾಡ್ಬೇಡಿ."

ಅತ್ತ ಕಡೆ ಗಾಳಿ. ಯಾರೋ ಹಾರ್ನ್ ಹೊಡೆದರು.

"ಮುಕ್ಕಾಲು ಬಂತು," ಎಂದರು ವರ್ನಾ. "ಆಮೇಲೆ ಏನೋ ಹಿಡ್ಕೊಳ್ತಿದೆ ಕಣೇ. ವೈರೆಲ್ಲ ಹಗ್ಗದ ಥರ ಬಿಗೀತಿದೆ."

ಕೊರಿನ್ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. "ನನ್ನ ತಪ್ಪು. ನೋಡದೆ ಕಳಿಸಿಬಿಟ್ಟೆ. ಕುತ್ತಿಗೆ ಹತ್ರ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಇದೆ, ಕಾಣ್ತಿದ್ಯಾ? ಅದೊಂದನ್ನೇ ಕತ್ತರಿಸ್ಬೇಕು. ವೈರಿಗೆ ತಾಗ್ಬಾರದು. ಕತ್ತರಿ ಏನಾದ್ರೂ..."

"ಮೂವತ್ತೈದು ವರ್ಷ ಬ್ಯಾಂಡೇಜು ಕತ್ತರಿಸಿದೀನಿ. ಕತ್ತರಿ ಇಲ್ದೆ ಮನೆ ಬಿಡ್ತೀನಾ?"

ಜಿಪ್ಪು ಎಳೆದ ಸದ್ದು. ಹುಡುಕುವ ಸದ್ದು. ಲಾರಿಯವನಿಗೆ ವರ್ನಾ ಏನೋ ಗದರಿದ್ದು. ಆಮೇಲೆ ಸಣ್ಣಗೆ, ಸ್ಪಷ್ಟವಾಗಿ, ಕಚಕ್.

"ಈಗ ತಿರುಗಿಸಿ. ಪೂರ್ತಿ."

"ಪೂರ್ತಿ ಬಂತು."

"ಇಂಜಿನ್ ಶುರು ಮಾಡಿ. ನಿಂತಲ್ಲೇ ಎಡಕ್ಕೊಂದ್ಸಲ, ಬಲಕ್ಕೊಂದ್ಸಲ. ಫೋನ್ ಇಡ್ಬೇಡಿ, ನನಗೆ ಕೇಳಿಸ್ಬೇಕು."

ಇಂಜಿನ್ ಹಿಡಿಯಿತು. ಎಡಕ್ಕೆ ಎಂದರು ವರ್ನಾ. ಬಲಕ್ಕೆ ಎಂದರು. ಕೊರಿನ್ ಫೋನನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿ ಕೇಳಿದಳು. ಸದ್ದು ತಡವರಿಸಲಿಲ್ಲ, ನಿಲ್ಲಲಿಲ್ಲ.

ಅವಳು ಮುಷ್ಟಿ ಬಿಚ್ಚಿ, ಒದ್ದೆ ಕ್ಲಿಪ್ಪನ್ನು ತನ್ನ ಏಪ್ರನ್ನಿನ ಅಂಚಿಗೆ ಸಿಕ್ಕಿಸಿಕೊಂಡಳು.