ಮೇಲ್ಬದಿಯಲ್ಲಿ ನಿಂತು ಅಳೆಯಬೇಕು

ಬೆಳಗ್ಗೆ ಎದ್ದು ಮುಖ ತೊಳೆದು, ಮನಸ್ಸಿನಲ್ಲೇ ಎರಡು ಮಾತು ದೇವರಿಗೆ ಹೇಳಿಕೊಂಡ ಮೇಲೆ ಟೇಪಕ್ಕ ಮಾಡುವ ಮೊದಲ ಕೆಲಸ ಟೀ ಕಾಯಿಸುವುದಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅವಳು ಎರಡು ಮೊಳೆ ಹೊಡೆದಿದ್ದಾಳೆ. ಅವೆರಡರ ನಡುವೆ ಸರಿಯಾಗಿ ಒಂದು ಮೀಟರ್. ಕೆಲಸದ ಚೀಲದಿಂದ ಬಟ್ಟೆಯ ಟೇಪು ತೆಗೆದು ಮೇಲಿನ ಮೊಳೆಗೆ ಸಿಕ್ಕಿಸಿ, ಕೆಳಗಿನ ಮೊಳೆಯವರೆಗೆ ಎಳೆದು, ಕನ್ನಡಕ ಏರಿಸಿಕೊಂಡು ನೋಡುತ್ತಾಳೆ. ಬಟ್ಟೆಯ ಟೇಪು ನೆನೆದು ಒಣಗಿ, ಎಳೆದೆಳೆದು ಹಿಗ್ಗುತ್ತದೆ. ಹಿಗ್ಗಿದ ಟೇಪು ದಪ್ಪ ಮರವನ್ನೂ ಸಣಕಲು ಅನ್ನುತ್ತದೆ. ಎರಡು ಮಿಲಿಮೀಟರ್ ತಪ್ಪಿದರೆ ಆ ಟೇಪಿಗೆ ಅವತ್ತೇ ನಿವೃತ್ತಿ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗಗಳೆಲ್ಲ ಅವಳ ಹಳೆಯ ಟೇಪುಗಳೇ. ಗಂಡ ಬಂದಾಗ, ನನ್ನ ಅಂಗಿ ಇವತ್ತು ನಾಲ್ಕು ಮೀಟರ್ ಹತ್ತು ಸೆಂಟಿಮೀಟರಿನಲ್ಲಿ ಒಣಗ್ತಾ ಇದೆ ಅಂತ ಅಣಕಿಸುತ್ತಾನೆ.

ಹತ್ತೊಂಬತ್ತು ವರ್ಷದಿಂದ ಅವಳು ಅರಣ್ಯ ಇಲಾಖೆಯಲ್ಲಿ ಸಂಪನ್ಮೂಲ ತಜ್ಞೆ. ಹುದ್ದೆಯ ಹೆಸರು ಉದ್ದ, ಕೆಲಸ ಸರಳ. ಕಾಡಿನಲ್ಲಿ ಎಷ್ಟು ಮರ ಇವೆ, ಯಾವುದಕ್ಕೆ ಎಷ್ಟು ವಯಸ್ಸು, ಕಾಡು ಕೆಡದಂತೆ ಎಷ್ಟನ್ನು ತೆಗೆಯಬಹುದು, ತೆಗೆದ ಜಾಗ ತುಂಬಲು ಎಷ್ಟು ವರ್ಷ ಬೇಕು, ಇಷ್ಟನ್ನು ಹೇಳಬೇಕು. ಆಫೀಸಿನವರು ತಮಾಷೆಗೆ ಇಟ್ಟ ಹೆಸರು ಟೇಪಕ್ಕ. ಈಗ ಸಂಬಳದ ಚೀಟಿಯಲ್ಲಿ ಬಿಟ್ಟು ಬೇರೆಲ್ಲೂ ಅವಳಿಗೆ ಬೇರೆ ಹೆಸರಿಲ್ಲ.

ಗಂಡ ನಗರದಲ್ಲಿ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದಾನೆ. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಒಂಬತ್ತು ವರ್ಷದಿಂದ ಇಬ್ಬರದೂ ಭಾನುವಾರದ ಸಂಸಾರ. ನಗರದ ಕಚೇರಿಗೆ ವರ್ಗ ಕೇಳಿ ಅವಳು ಐದು ಅರ್ಜಿ ಕೊಟ್ಟಿದ್ದಾಳೆ. ಐದಕ್ಕೂ ಹೌದು ಅಂತಲೂ ಬರಲಿಲ್ಲ, ಇಲ್ಲ ಅಂತಲೂ ಬರಲಿಲ್ಲ.

ಈ ವರ್ಷ ಜಾರಿ ಬಿದ್ದು ಅವಳ ಪಾದದ ಗಂಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಮನೆಯಲ್ಲಿ ಕೂತು ಮತ್ತೆ ಆಫೀಸಿಗೆ ಬಂದರೆ, ಮೇಜಿನ ಮೇಲೆ ಒಂದು ಪಟ್ಟಿ ಕಾದಿತ್ತು. ಪೂರ್ವದ ಗುಡ್ಡದ ಇಳಿಜಾರಿನಲ್ಲಿ ಕಡಿಯಲು ಗುರುತು ಹಾಕಿದ ಮರಗಳು, ಇನ್ನೂರಾ ಹದಿನಾಲ್ಕು. ಕೊನೆಯಲ್ಲಿ ಅವಳ ಹೆಸರು ಟೈಪಾಗಿತ್ತು, ಸಹಿಯ ಜಾಗ ಮಾತ್ರ ಖಾಲಿ. ಆ ಸಹಿ ಬಿದ್ದರೆ ಮರುದಿನವೇ ಗರಗಸ ಹೊರಡುತ್ತದೆ.

ಅವಳು ಸಹಿ ಹಾಕಲಿಲ್ಲ. ಆ ಗುಡ್ಡದಲ್ಲಿ ಅಷ್ಟು ದಪ್ಪ ಮರ ಇಲ್ಲ ಅಂತ ಅವಳಿಗೆ ಗೊತ್ತಿತ್ತು. ಕೋಲೂರಿಕೊಂಡು, ವಯಸ್ಸಾದ ಫಾರೆಸ್ಟ್ ಗಾರ್ಡನ್ನು ಜೊತೆಗೆ ಕರೆದುಕೊಂಡು ಹತ್ತಿದಳು. ಮೊದಲ ಮರದ ಮೇಲ್ಬದಿಯಲ್ಲಿ ನಿಂತ ಕೂಡಲೇ ವಿಷಯ ತಿಳಿಯಿತು. ಅಳತೆಯ ಗುರುತಿಗೆ ಬಳಿದ ಬಿಳಿ ಬಣ್ಣ ಅವಳ ಎದೆಯ ಮಟ್ಟದಲ್ಲಿ ಇರಲಿಲ್ಲ, ಸೊಂಟದ ಹತ್ತಿರ ಇತ್ತು.

ಈ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ನಿಯಮ ಒಂದಿದೆ. ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆಯಬೇಕು, ಇಳಿಜಾರಿನಲ್ಲಾದರೆ ಮೇಲ್ಬದಿಯಲ್ಲಿ ನಿಂತು. ಕೆಳಬದಿಯಲ್ಲಿ ನಿಂತರೆ ಟೇಪು ಕಾಂಡದ ಬುಡಕ್ಕೆ ಹತ್ತಿರವಾಗುತ್ತದೆ. ಬುಡ ಯಾವತ್ತೂ ದಪ್ಪವೇ. ನೂರಾ ಎಂಬತ್ತು ಸೆಂಟಿಮೀಟರ್ ದಾಟಿದ ಮರವನ್ನು ಮಾತ್ರ ಕಡಿಯಬಹುದು ಅನ್ನುವ ಕಾಡಿನಲ್ಲಿ, ನಿಲ್ಲುವ ಜಾಗ ಬದಲಾಯಿಸಿದರೆ ಸಾಕು, ಎಳೆಯ ಮರ ಒಂದೇ ದಿನದಲ್ಲಿ ಬಲಿತು ನಿಲ್ಲುತ್ತದೆ.

ಗುರುತು ಹಾಕಿದವರು ಬಯಲಿನ ತೋಪುಗಳಿಂದ ಬಂದ ಹೊಸ ತಂಡದವರು. ಬಯಲಿನಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ತಿಳಿಯದೆ ಮಾಡಿದ್ದಾರೆ ಪಾಪ ಅಂತ ಅವಳು ಸಮಾಧಾನ ಮಾಡಿಕೊಂಡಳು. ಇನ್ನೂರಾ ಹದಿನಾಲ್ಕನ್ನೂ ಮತ್ತೆ ಅಳೆಯಲು ಶುರು ಮಾಡಿದಳು. ಊದಿದ ಕಾಲಿಗೆ ಪಟ್ಟಿ ಬಿಗಿದುಕೊಂಡು, ಹನ್ನೊಂದು ದಿನ.

ಗಾರ್ಡಣ್ಣ ಹೆಚ್ಚು ಮಾತಿನವನಲ್ಲ. ಟೇಪಿನ ಒಂದು ತುದಿ ಹಿಡಿದುಕೊಂಡು ಮರ ಸುತ್ತುತ್ತಿದ್ದ. ಅವಳೂ ಕೆದಕಲಿಲ್ಲ. ಆರನೆಯ ದಿನ ಬುತ್ತಿ ಬಿಚ್ಚಿ ಕೂತಾಗ ಅವನೇ ತಲೆ ತಗ್ಗಿಸಿ ಬಾಯಿ ಬಿಟ್ಟ.

"ಆ ತಂಡದ ಜೊತೆ ನಾನೂ ಇದ್ದೆ ಅಕ್ಕಾ. ಮೊದಲನೇ ದಿನ ಮೇಲಿನಿಂದಲೇ ಅಳೆದ್ವಿ. ನಾನೇ ಹೇಳಿಕೊಟ್ಟೆ. ಸಂಜೆ ನಮ್ಮ ಆಫೀಸಿನ ಸಾಹೇಬರು ಪಟ್ಟಿ ನೋಡಿದ್ರು, ಹನ್ನೆರಡೇ ಮರ ಸಿಕ್ಕಿತ್ತು. ಮಾರನೇ ದಿನ ಅವರೇ ಬಂದು, 'ಯಾಕ್ರಯ್ಯಾ ಹತ್ತಿ ಇಳಿದು ಸುಸ್ತಾಗ್ತೀರಿ, ಕೆಳಗಿನ ಕಾಲುದಾರಿಯಲ್ಲೇ ನಿಂತು ಅಳೀರಿ' ಅಂದ್ರು. ಎಲ್ಲರಿಗೂ ಟೀ ಬೇರೆ ತರಿಸಿಕೊಟ್ರು."

ಟೇಪಕ್ಕ ಬುತ್ತಿ ಮುಚ್ಚಿಟ್ಟಳು. ತಪ್ಪಾಗಿದ್ದರೆ ಅವಳು ಕ್ಷಮಿಸುತ್ತಿದ್ದಳು. ತಪ್ಪು ಮನುಷ್ಯರಿಂದಲೇ ಆಗುತ್ತದೆ. ಆದರೆ ಇದು ಕಣ್ಣಿಗೆ ಮಣ್ಣೆರಚುವ ಕೆಲಸ, ಅದೂ ಕೂಲಿಯವರ ಕಾಲುನೋವಿನ ಮೇಲೆ ಕರುಣೆಯ ವೇಷ ಹಾಕಿಕೊಂಡು. ಸಾಹೇಬರಿಗೆ ನಿಯಮ ಗೊತ್ತಿರಲಿಲ್ಲ ಅನ್ನುವ ಹಾಗೂ ಇರಲಿಲ್ಲ. ಅವರು ಹೊಸದಾಗಿ ಬಂದಾಗ, ಇದೇ ಇಳಿಜಾರಿನಲ್ಲಿ ಮೇಲ್ಬದಿಗೆ ಕರೆದು ನಿಲ್ಲಿಸಿ ಅದನ್ನು ಕಲಿಸಿದವಳು ಅವಳೇ. ಅವತ್ತು ಸಂಜೆ ಪ್ರಾರ್ಥನೆಗೆ ಕೂತರೆ ಬಾಯಿಗೆ ಬಂದದ್ದು ಬರೀ ಬೈಗುಳ. ಇವತ್ತಿಗೆ ಇದನ್ನೇ ತಗೋ ಅಂತ ದೇವರಿಗೆ ಹೇಳಿ ಎದ್ದಳು.

ಲೆಕ್ಕ ಮುಗಿದಾಗ ಇನ್ನೂರಾ ಹದಿನಾಲ್ಕರಲ್ಲಿ ನೂರಾ ಇಪ್ಪತ್ತೊಂಬತ್ತು ಮರ ಕಡಿಯುವ ಹಾಗಿರಲಿಲ್ಲ. ಅದನ್ನು ಗಂಡನಿಗೆ ಫೋನಿನಲ್ಲಿ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ನನ್ನ ಹೊಟ್ಟೆಯನ್ನ ಯಾವಾಗಲೂ ಮೇಲ್ಬದಿಯಿಂದಲೇ ಅಳೆ ಮಾರಾಯ್ತಿ," ಅಂದ. ಆಮೇಲೆ ನಗು ನಿಲ್ಲಿಸಿ, "ವರದಿ ಅವರ ಕೈಗೆ ಕೊಡಬೇಡ. ಟಪಾಲಿನಲ್ಲಿ ನಂಬರ್ ಹಾಕಿಸು," ಅಂದ.

ಅವಳು ಹಾಗೆಯೇ ಮಾಡಿದಳು. ಟಪಾಲು ವಿಭಾಗದ ಮೊಹರು ಬಿದ್ದು ನಂಬರ್ ಹತ್ತಿದ ಕಾಗದ ಕಳೆದುಹೋಗುವಂತಿಲ್ಲ. ಬರೆದವರೇ ಹಿಂದಕ್ಕೆ ಕೇಳಿದರೆ ಮಾತ್ರ ಹೋಗುತ್ತದೆ.

ಮೂರನೆಯ ದಿನ ಸಾಹೇಬರು ಕರೆಸಿದರು. ಅವರ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಮರದ ದುಂಡನೆಯ ಬಿಲ್ಲೆ ಇದೆ. ಪಾಲಿಷ್ ಮಾಡಿದ್ದು, ಉಂಗುರಗಳೆಲ್ಲ ಎದ್ದು ಕಾಣುತ್ತವೆ. ಎಷ್ಟೋ ಸಲ ಅವರು ಮಾತಾಡುವಾಗ ಅವಳು ಆ ಉಂಗುರಗಳನ್ನು ಎಣಿಸಿದ್ದಾಳೆ. ಐವತ್ತಮೂರು.

ಕಾಲು ಹೇಗಿದೆ ಅಂತ ಕೇಳಿ ಕುರ್ಚಿ ತೋರಿಸಿದರು. ಆಮೇಲೆ, "ಒಂದು ಗೇಣಿನ ವ್ಯತ್ಯಾಸಕ್ಕೆ ಇಷ್ಟು ರಂಪ ಯಾಕಮ್ಮಾ?" ಅಂದರು.

"ಆ ಒಂದು ಗೇಣಿನಲ್ಲೇ ನೂರಾ ಇಪ್ಪತ್ತೊಂಬತ್ತು ಮರ ಇರೋದು ಸಾರ್."

"ಇನ್ನು ಹತ್ತು ಹದಿನೈದು ವರ್ಷಕ್ಕೆ ಹೇಗೂ ಅಷ್ಟು ದಪ್ಪ ಆಗ್ತವೆ."

"ಆಗಲಿ ಸಾರ್. ಆದಮೇಲೆ ಕಡಿಯೋಣ."

ಸಾಹೇಬರು ನಕ್ಕರು. ಕಂಟ್ರಾಕ್ಟರ್ ಯಂತ್ರ ತಂದು ನಿಲ್ಲಿಸಿದ್ದಾನೆ, ಮೇಲಿನವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರೆ, ವರದಿ ಹಿಂದಕ್ಕೆ ಕೊಡಿ ಅಂತ ನೀವು ಎರಡು ಸಾಲು ಬರೆದರೆ ಎಲ್ಲರಿಗೂ ನೆಮ್ಮದಿ ಅಂದರು. ಆಮೇಲೆ ಬಿಲ್ಲೆ ಎತ್ತಿ, ಅದರ ಕೆಳಗೆ ಮಡಚಿಟ್ಟಿದ್ದ ಒಂದು ಹಾಳೆಯನ್ನು ಅವಳ ಕಡೆ ಸರಿಸಿದರು. ವರ್ಗದ ಆದೇಶ. ನಗರದ ಕಚೇರಿ, ಗಂಡನ ಮುದ್ರಣಾಲಯದಿಂದ ಹತ್ತು ನಿಮಿಷದ ನಡಿಗೆ. ತಾರೀಕಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು.

ಸುಳ್ಳು ಹೇಳಬಾರದು, ಒಂದು ಕ್ಷಣ ಅವಳಿಗೆ ಆ ಕೋಣೆ ಕಾಣಲೇ ಇಲ್ಲ. ಸಂಜೆ ಕೆಲಸ ಮುಗಿಸಿ ಇಬ್ಬರೂ ಒಂದೇ ಬಾಗಿಲ ಬೀಗ ತೆಗೆಯುವುದು ಕಂಡಿತು. ವಾರದ ನಡುವೆ, ಯಾವುದೋ ಒಂದು ಮಾಮೂಲಿ ಬುಧವಾರ.

ಆಮೇಲೆ ಅವಳು ಆದೇಶವನ್ನು ಓದಿದಳು. ಕಾರಣದ ಜಾಗದಲ್ಲಿ ಹೀಗೆ ಬರೆದಿತ್ತು: 'ಒಂದೇ ಮನೆಯಲ್ಲಿ ಬಾಳಬೇಕಾದ ದಂಪತಿ ಒಂಬತ್ತು ವರ್ಷದಿಂದ ಎರಡು ಊರುಗಳಲ್ಲಿ ಇರುವುದರಿಂದ.' ಅದು ಅವಳದೇ ವಾಕ್ಯ. ಐದನೆಯ ಅರ್ಜಿಯಲ್ಲಿ, ಹೊಡೆದು ತಿದ್ದಿ ಬರೆದದ್ದು. ಯಾರೂ ಓದಿಯೇ ಇಲ್ಲ ಅಂದುಕೊಂಡಿದ್ದಳು. ಓದಿದ್ದರು. ಓದಿ, ಬೇಕಾದಾಗ ಉಪಯೋಗಕ್ಕೆ ಬರಲಿ ಅಂತ ಎತ್ತಿಟ್ಟಿದ್ದರು.

ಅವಳಿಗೆ ಕೂಗಾಡಬೇಕು ಅನ್ನಿಸಿತು. ಕೂಗಲಿಲ್ಲ. ಹಾಳೆಯನ್ನು ಬಂದ ಮಡಿಕೆಯಲ್ಲೇ ಮಡಚಿ, ಅವರ ಕಡೆ ಸರಿಸಿ, ಐವತ್ತಮೂರು ಉಂಗುರದ ಆ ಬಿಲ್ಲೆಯನ್ನು ತಾನೇ ಎತ್ತಿ ಅದರ ಮೇಲಿಟ್ಟಳು.

"ನನ್ನ ಅರ್ಜಿಗೆ ಉತ್ತರ ಕೊಡೋದಾದರೆ ಟಪಾಲಿನಲ್ಲಿ ಕಳಿಸಿ ಸಾರ್," ಅಂದಳು ಕೋಲು ಹುಡುಕಿಕೊಳ್ಳುತ್ತ. "ಹೀಗೆ ಬೇಡ."